ಟವೆಲ್ ಹಾಕಿದ ಕಿಟಕಿ ಸೀಟು

2023ರ ಅಕ್ಟೋಬರ್ ತಿಂಗಳಲ್ಲಿ ನಾನು ಚಿಕ್ಕೋಡಿಯ ನನ್ನ ಪ್ರವಾಸ ಕಚೇರಿಯಿಂದ ಹದಿನೆಂಟು ಜನರನ್ನು ಡಾರ್ಜಿಲಿಂಗ್‌ಗೆ ಕರೆದುಕೊಂಡು ಹೋದೆ. ಕಚೇರಿ ತೆರೆಯುವ ಮೊದಲು ಇಪ್ಪತ್ತು ವರ್ಷ ವಾಯುಸೇನೆಯ ಸಾಗಣೆ ವಿಮಾನಗಳಲ್ಲಿ ಭಾರ ಹಂಚುವ ಕೆಲಸ ಮಾಡಿದ್ದೆ. ಯಾವ ಪೆಟ್ಟಿಗೆ ಮುಂದೆ, ಯಾವುದು ಹಿಂದೆ, ಯಾವ ಸಾಲಿನಲ್ಲಿ ಎಷ್ಟು ಜನ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡುವುದು ನನ್ನ ಕೆಲಸ. ಅದಕ್ಕೆ ಲೋಡ್ ಶೀಟ್ ಎನ್ನುತ್ತಾರೆ. ಸಹಿಯಾದ ಮೇಲೆ ಆ ಹಾಳೆಯನ್ನು ಯಾರೂ ಬದಲಿಸುವಂತಿಲ್ಲ. ದೊಡ್ಡ ಅಧಿಕಾರಿಯಾದರೂ ಬರೆದ ಜಾಗದಲ್ಲೇ ಕೂರಬೇಕು. ಈ ಅಭ್ಯಾಸವನ್ನು ನಾನು ಪ್ರವಾಸದ ವ್ಯವಹಾರಕ್ಕೂ ತಂದೆ. ಪ್ರತಿ ಗುಂಪಿಗೂ ಸೀಟಿನ ಪಟ್ಟಿ ಮಾಡುತ್ತಿದ್ದೆ. ವಯಸ್ಸು, ಮೊಣಕಾಲು, ಕಣ್ಣು, ಶೌಚಾಲಯದ ದೂರ ಎಲ್ಲವನ್ನೂ ಕೇಳಿ ಬರೆಯುತ್ತಿದ್ದೆ.

ವಿಮಾನದಿಂದ ನೋಟ ಚೆನ್ನಾಗಿ ಕಾಣಬೇಕಾದರೆ ಕಿಟಕಿಯ ಪಕ್ಕ ಕುಳಿತರಷ್ಟೇ ಸಾಲದು. ದೆಹಲಿಯಿಂದ ಡಾರ್ಜಿಲಿಂಗ್ ಬಳಿಯ ನಿಲ್ದಾಣವಾದ ಬಾಗಡೋಗ್ರಾಕ್ಕೆ ವಿಮಾನ ಪೂರ್ವ ದಿಕ್ಕಿಗೆ ಹಾರುತ್ತದೆ. ಹಿಮಾಲಯ ಉತ್ತರಕ್ಕಿದೆ. ಹಾಗಾಗಿ ಹೋಗುವಾಗ ಎಡಬದಿ, ಅಂದರೆ 'ಎ' ಅಕ್ಷರದ ಸೀಟು. ಬರುವಾಗ ಬಲಬದಿ, 'ಎಫ್' ಅಕ್ಷರದ ಸೀಟು. ಆ ತಿಂಗಳಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಪರ್ವತದ ಬದಿಯ ಕಿಟಕಿಗೆ ಬಿಸಿಲು ಹೊಡೆಯುವುದಿಲ್ಲ, ಗಾಜು ಮಿಂಚುವುದಿಲ್ಲ. ನಡುವಿನ ಸಾಲುಗಳಲ್ಲಿ ಕೂತರೆ ಕೆಳಗೆ ರೆಕ್ಕೆಯೊಂದೇ ಕಾಣುತ್ತದೆ, ಆದ್ದರಿಂದ ರೆಕ್ಕೆಯ ಹಿಂದಿನ ಸಾಲು ಹಿಡಿಯಬೇಕು. ಮಧ್ಯಾಹ್ನದ ಹೊತ್ತಿಗೆ ಮೋಡ ಏಳುವುದರಿಂದ ಬೆಳಗಿನ ವಿಮಾನವೇ ಆಗಬೇಕು. ಕೊನೆಯದಾಗಿ, ಕೆಲವು ಮಾದರಿಯ ವಿಮಾನಗಳಲ್ಲಿ ಗೋಡೆಯೊಳಗೆ ಎ.ಸಿ.ಯ ಕೊಳವೆ ಹೋಗಿರುವ ಕಡೆ ಕಿಟಕಿಯನ್ನೇ ಕೊರೆದಿರುವುದಿಲ್ಲ. ಮೊಬೈಲಿನ ಸೀಟು ನಕ್ಷೆಯಲ್ಲಿ ಅದು ಕಿಟಕಿ ಸೀಟೆಂದೇ ಕಾಣುತ್ತದೆ. ಹೋಗಿ ಕೂತರೆ ಪಕ್ಕದಲ್ಲಿ ಬರೀ ಪ್ಲಾಸ್ಟಿಕ್ ಗೋಡೆ. ಇಂಥ ಸೀಟುಗಳ ಸಂಖ್ಯೆಗಳನ್ನು ನನ್ನ ಡೈರಿಯ ಹಿಂಬದಿಯಲ್ಲಿ ಬರೆದಿಟ್ಟುಕೊಂಡಿದ್ದೆ, ನನ್ನ ಗಿರಾಕಿಗಳಲ್ಲಿ ಯಾರೂ ಅಲ್ಲಿ ಕೂರಬಾರದೆಂದು.

ಆ ಗುಂಪಿನಲ್ಲಿ ಬೋರಗಾಂವದ ಖೈರೂನ್‌ಬಿ ಇದ್ದರು. ಅರವತ್ತೆರಡು ವರ್ಷ. ಮೂವತ್ತು ವರ್ಷ ಪವರ್‌ಲೂಮ್ ಶೆಡ್ಡಿನಲ್ಲಿ ನೂಲಿನ ಉಂಡೆ ಸುತ್ತಿದವರು. ಗ್ಲಾಕೋಮಾದಿಂದ ಬಲಗಣ್ಣು ಪೂರ್ತಿ ಹೋಗಿತ್ತು. ಬುಕಿಂಗ್ ಮಾಡಲು ಬಂದ ದಿನ ನನ್ನ ಮೇಜಿನ ಎದುರು ಕುಳಿತು ಮೊದಲು ಕೇಳಿದ್ದು ಊಟ ವಸತಿಯ ವಿಷಯವಲ್ಲ.

"ಸಾಹೇಬ್ರ, ಮೋಡದಕಿಂತ ಮ್ಯಾಲ ಗುಡ್ಡ ಇರ್ತಾವೇನ್ರಿ?"

"ಇರ್ತಾವ್ರಿ ಅಕ್ಕಾರ. ಯಾಕ್ ಕೇಳ್ತೀರಿ?"

"ನಮ್ಮವರು ನಿಪ್ಪಾಣಿಯಿಂದ ತಂಬಾಕ ತುಂಬಕೊಂಡ ಬಂಗಾಲಕ್ಕ ಟ್ರಕ್ ಹೊಡೀತಿದ್ರು. ಒಮ್ಮೆ ಸಿಲಿಗುಡಿ ತನಕ ಹೋಗಿ ಬಂದು, ಮುಂಜಾನೆ ಮೋಡದ ಮ್ಯಾಲ ಬೆಳ್ಳನ್ನ ಗುಡ್ಡ ನೋಡೇನಿ ಅಂದ್ರು. ಸುಳ್ಳ ಹೇಳಾಕ ಒಂದ ಮಿತಿ ಐತಿ ಅಂದೆ. ಸಾಯೂ ತನಕ ಅವರಿಗಿ ಸುಳ್ಳಬುರುಕ ಅಂತನ ಕರದೇನ್ರಿ. ಈಗ ಅವರಿಲ್ಲ. ಖರೇನೋ ಸುಳ್ಳೋ ಒಮ್ಮೆ ನೋಡಬೇಕು. ಉಳದಿದ್ದ ಒಂದ ಕಣ್ಣು. ಡಾಕ್ಟರ್ ಅದಕ್ಕೂ ಭರೋಸಾ ಕೊಡವಲ್ರು."

ನಾನು ಅಲ್ಲಿಯೇ ಹೋಗುವ ವಿಮಾನದ 24 ಎ ಸೀಟನ್ನು ಅವರ ಹೆಸರಿಗೆ ಬರೆದು ಕೆಂಪು ಪೆನ್ಸಿಲಿನಿಂದ ಸುತ್ತು ಹಾಕಿದೆ. ರೆಕ್ಕೆಯ ಹಿಂದೆ, ಎಡಬದಿ. ಎಡಗಣ್ಣು ಮಾತ್ರ ಇರುವವರಿಗೆ ಎಡಬದಿಯ ಕಿಟಕಿಯೇ ಅನುಕೂಲ. ಕತ್ತು ತಿರುಗಿಸದೆ ಹೊರಗೆ ನೋಡಬಹುದು. ಬಲಬದಿಯಲ್ಲಿ ಕೂತರೆ ಮೂಗು ಅಡ್ಡ ಬರುತ್ತದೆ, ಇಡೀ ಮೈ ತಿರುಗಿಸಬೇಕು. ತೋರಿಸಿ ಹೇಳಲು ಪಕ್ಕದ 24 ಬಿ ಸೀಟನ್ನು ನನಗೆ ಇಟ್ಟುಕೊಂಡೆ.

ಅದೇ ಗುಂಪಿನಲ್ಲಿ ರಾಯಬಾಗ ಕಡೆಯ ಗುತ್ತಿಗೆದಾರ ತಾತ್ಯಾಸಾಹೇಬರೂ ಇದ್ದರು. ಯಾವ ಬಸ್ಸು ಹತ್ತಿದರೂ ಮೊದಲ ಸೀಟು ತಮ್ಮದೇ ಎಂದು ನಂಬಿದ ಮನುಷ್ಯ. ಬೆಳಗಾವಿಯಿಂದ ದೆಹಲಿಗೆ ಹೋಗುವಾಗಲೇ ನನ್ನ ಪಟ್ಟಿಯ ಮೇಲೆ ಬಗ್ಗಿ ನೋಡಿದರು. "ಈ ಕೆಂಪು ಸುತ್ತು ಏನ್ರಿ?" ಎಂದರು. "ಚಲೋ ನೋಟ ಕಾಣೂ ಸೀಟು. ಖೈರೂನ್‌ಬಿ ಅಕ್ಕಾರದು" ಎಂದೆ. ಹೇಳಬಾರದಿತ್ತು.

ಮರುದಿನ ಬೆಳಿಗ್ಗೆ ದೆಹಲಿಯಲ್ಲಿ ನಾನು ಎಂದಿನಂತೆ ಎಲ್ಲರನ್ನೂ ಎಣಿಸಿ, ಎಲ್ಲರೂ ಹತ್ತಿದ ಮೇಲೆ ಕೊನೆಯವನಾಗಿ ವಿಮಾನ ಹತ್ತಿದೆ. 24 ಎ ಸೀಟಿನ ಮೇಲೆ ಕೆಂಪು ಅಂಚಿನ ಒಂದು ಟವೆಲ್ ಇತ್ತು. ಟವೆಲಿನ ಮೇಲೆ ತಾತ್ಯಾಸಾಹೇಬರಿದ್ದರು.

ನಮ್ಮ ಕಡೆಯ ಬಸ್ಸುಗಳಲ್ಲಿ ಓಡಾಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಅಥಣಿಯಲ್ಲಾಗಲಿ ಕಾಗವಾಡದಲ್ಲಾಗಲಿ ಬಸ್ಸು ಬಂದು ನಿಲ್ಲುವ ಮೊದಲೇ ಜನ ಓಡಿಹೋಗಿ ಕಿಟಕಿಯೊಳಗಿಂದ ಸೀಟಿನ ಮೇಲೆ ಟವೆಲ್ ಒಗೆಯುತ್ತಾರೆ. ಟವೆಲ್ ಬಿದ್ದ ಸೀಟು ಟವೆಲ್ ಒಗೆದವನದು. ಒಳಗೆ ಮೊದಲು ಹತ್ತಿದವನೂ ಅದನ್ನು ಎತ್ತಿ ಬದಿಗಿಟ್ಟು ಕೂರುವುದಿಲ್ಲ. ಕಾನೂನಿಗಿಂತ ಹೆಚ್ಚಿನ ಮರ್ಯಾದೆ ಅದಕ್ಕಿದೆ.

"ತಾತ್ಯಾಸಾಹೇಬ್ರ, ಇದು ಅಕ್ಕಾರ ಸೀಟು. ನಿಮ್ದು ಒಂಬತ್ತನೇ ಸಾಲು" ಎಂದೆ.

"ಟವೆಲ್ ಕಾಣವಲ್ದೇನ್ರಿ ನಿಮಗ? ಮಿಲಿಟ್ರ್ಯಾಗ ಇಪ್ಪತ್ತ ವರ್ಷ ಏನ್ ಕಡದ್ರಿ? ಸೀಟ ಹಿಡಿಯೂದೂ ಕಲಿಸಲಿಲ್ಲ?"

ಗುಂಪು ಗೊಳ್ಳೆಂದು ನಕ್ಕಿತು. ಗಗನಸಖಿ ಬಂದು ಬೋರ್ಡಿಂಗ್ ಪಾಸ್ ಕೇಳಿದಳು. ನಾವೆಲ್ಲ ಒಂದೇ ಮನೆಯವರಿದ್ದಂತೆ, ನಮ್ಮ ನಮ್ಮಲ್ಲೇ ಬದಲಿಸಿಕೊಂಡಿದ್ದೇವೆ ಎಂದು ತಾತ್ಯಾಸಾಹೇಬರು ಹಿಂದಿಯಲ್ಲಿ ಹೇಳಿದರು. ಹೌದೇ ಎಂಬಂತೆ ಆಕೆ ನಡುದಾರಿಯಲ್ಲಿ ನಿಂತಿದ್ದ ಖೈರೂನ್‌ಬಿಯ ಕಡೆ ನೋಡಿದಳು. ಟವೆಲ್ ನೋಡಿದ ಖೈರೂನ್‌ಬಿ, "ಇರ್ಲಿ ಬಿಡ್ರಿ ಸಾಹೇಬ್ರ, ಟವೆಲ್ ಹಾಕ್ಯಾರ" ಎಂದು ತಾವಾಗಿಯೇ ಒಂಬತ್ತನೇ ಸಾಲಿನ ನಡುದಾರಿ ಬದಿಯ ಸೀಟಿಗೆ ಹೋಗಿ ಕುಳಿತರು. ನನ್ನ ಸಹಿಯ ಹಾಳೆ ನನ್ನ ಕೈಯಲ್ಲೇ ಉಳಿಯಿತು.

ನಾನು 24 ಬಿಯಲ್ಲಿ ಕುಳಿತೆ. ವಿಮಾನ ಏರಿದ ಹತ್ತು ನಿಮಿಷಕ್ಕೆ ತಾತ್ಯಾಸಾಹೇಬರು ಕಿಟಕಿಯ ಮುಚ್ಚಳ ಎಳೆದು, ಟವೆಲನ್ನು ಮುಖದ ಮೇಲೆ ಹಾಕಿಕೊಂಡು ಗೊರಕೆ ಹೊಡೆಯತೊಡಗಿದರು. ಪರ್ವತಗಳು ಕಾಣುವ ಹೊತ್ತಿಗೆ ನಾನು ಕೈ ಚಾಚಿ ಮುಚ್ಚಳವನ್ನು ನಾಲ್ಕು ಬೆರಳು ಎತ್ತಿದೆ. ಅವರು ಕಣ್ಣು ತೆರೆಯದೆಯೇ ಅದನ್ನು ಟಪ್ ಎಂದು ಕೆಳಗೆಳೆದರು. "ಬಿಸಲ ಬರ್ತೈತ್ರಿ!" ಎಂದರು. ಆ ಬದಿಗೆ ಬಿಸಿಲು ಬರುವುದೇ ಇಲ್ಲ. ಅದನ್ನು ಲೆಕ್ಕ ಹಾಕಿಯೇ ನಾನು ಆ ಸೀಟು ಹಿಡಿದದ್ದು.

ಮುಂದಿನ ಮುಕ್ಕಾಲು ಗಂಟೆ ಒಬ್ಬ ಮಲಗಿದ ಮನುಷ್ಯನ ಮತ್ತು ಮುಚ್ಚಿದ ಕಿಟಕಿಯ ಪಕ್ಕ ಕುಳಿತು ನಾನು ಒಂದೇ ವಿಷಯ ಯೋಚಿಸಿದೆ. ಇವನಿಗೆ ಬರುವಾಗ ಸೀಟು ನಾನೇ ಕೊಡುತ್ತೇನೆ.

ಡಾರ್ಜಿಲಿಂಗ್‌ನಲ್ಲಿ ಮೂರು ದಿನ ಮೋಡ ಕದಲಲಿಲ್ಲ. ನಸುಕಿನಲ್ಲಿ ಜೀಪು ಮಾಡಿಕೊಂಡು ಗುಡ್ಡದ ಮೇಲೆ ಹೋಗಿ ನಿಂತೆವು. ಎದುರಿಗೆ ಹಾಲು ಚೆಲ್ಲಿದಂತೆ ಬಿಳಿ, ಅಷ್ಟೇ. ಖೈರೂನ್‌ಬಿ ಶಾಲು ಹೊದ್ದು ಕಂಬಿ ಹಿಡಿದು ನಿಂತಿದ್ದರು. ಮೂರನೆಯ ದಿನ ಇಳಿಯುವಾಗ, "ಮುದುಕ ಸುಳ್ಳನ ಹೇಳಿರ್ಬೇಕ್ರಿ" ಎಂದು ನಗಲು ಪ್ರಯತ್ನಿಸಿದರು.  ಅವರಿಗಿನ್ನು ಉಳಿದದ್ದು ಮರಳುವ ವಿಮಾನ ಒಂದೇ. ಮೋಡದ ಮೇಲಿಂದ ಹಾರುವಾಗ ಮೋಡದ ಕಾಟವಿಲ್ಲ. ಸರಿಯಾದ ಕಿಟಕಿ ಬೇಕು, ಅಷ್ಟೆ.

ಅಂದು ಮಧ್ಯಾಹ್ನ ಡೈರಿ ತೆಗೆದೆ. ಮರಳುವ ವಿಮಾನ ಬೇರೆ ಮಾದರಿಯದು. ಅದರಲ್ಲಿ 11 ಎಫ್ ಪಕ್ಕದಲ್ಲಿ ಕಿಟಕಿ ಇಲ್ಲ. ಕಚೇರಿ ತೆರೆದಂದಿನಿಂದ ಹದಿನಾಲ್ಕು ವರ್ಷ ಯಾರೂ ಕೂರಬಾರದೆಂದು ಕಾಯ್ದುಕೊಂಡು ಬಂದ ಆ ಸಂಖ್ಯೆಯ ಕೆಳಗೆ ಗೆರೆ ಎಳೆದೆ.

ಗುಂಪಿನಲ್ಲಿ ಅಥಣಿ ತಾಲ್ಲೂಕು ಅನಂತಪುರದ ಶಿವಪ್ಪನವರಿದ್ದರು, ನಿವೃತ್ತ ಬಸ್ ಕಂಡಕ್ಟರ್. ಅವರನ್ನು ಹೋಟೆಲಿನ ಅಂಗಳಕ್ಕೆ ಕರೆದು ವಿಷಯ ಹೇಳಿದೆ. 11 ಎಫ್ ನಿಮ್ಮ ಹೆಸರಿನಲ್ಲಿರುತ್ತದೆ, ತಾತ್ಯಾಸಾಹೇಬರು ಬಂದು ಹಿಡಿದರೆ ಬಿಟ್ಟುಕೊಡಬೇಕು, ಅವರ ಆರನೇ ಸಾಲಿನ ಸೀಟಿನಲ್ಲಿ ನೀವು ಕೂರಬೇಕು ಎಂದೆ. 

"ಅವತ್ತ ನಾನೂ ನಕ್ಕಿದ್ದೆನಲ್ರಿ. ಆ ಮ್ಯಾಲ ಊಟ ಸೇರಿಲ್ಲ. ಮಾಡೂಣು" ಎಂದರು. ಮತ್ತೆ ತಾವೇ, "ಆದ್ರ ಆ ಮನಷ್ಯಾ ಬಲೇ ಹುಷಾರದಾನ. ಬೀಳ್ತಾನಂತೀರಿ?" ಎಂದು ಕೇಳಿದರು.

"ಕೆಂಪು ಸುತ್ತು ಕಂಡ್ರ ಬೀಳ್ತಾನ."

ಹೊರಡುವ ದಿನ ಬೆಳಿಗ್ಗೆ ತಿಂಡಿಯ ಮೇಜಿನ ಮೇಲೆ ಒಂದು ಪಟ್ಟಿಯನ್ನು ಚಹಾದ ಕಪ್ಪಿನ ಕೆಳಗೆ ಇಟ್ಟೆ. ಅದರಲ್ಲಿ 11 ಎಫ್ ಎದುರು ಖೈರೂನ್‌ಬಿ ಎಂದು ಬರೆದು ಎರಡು ಸಲ ಕೆಂಪು ಸುತ್ತು ಹಾಕಿದ್ದೆ. ನಿಜವಾದ ಪಟ್ಟಿ ನನ್ನ ಕಿಸೆಯಲ್ಲಿತ್ತು. ಅದರ ಪ್ರಕಾರ ಖೈರೂನ್‌ಬಿಗೆ 22 ಎಫ್, ನನಗೆ ಪಕ್ಕದ 22 ಇ. ಇಪ್ಪತ್ತು ವರ್ಷದ ಸೇವೆಯಲ್ಲಾಗಲಿ ಆಮೇಲಾಗಲಿ ನಾನು ಬರೆದ ಸುಳ್ಳು ಹಾಳೆ ಅದೊಂದೇ. ಚಟ್ನಿ ತರುವ ನೆಪದಲ್ಲಿ ಎದ್ದು ಹೋದೆ. ಹಿಂತಿರುಗಿದಾಗ ಚಹಾದ ಕಪ್ಪು ಒಂದು ಗೇಣು ಸರಿದಿತ್ತು. ತಾತ್ಯಾಸಾಹೇಬರು ಕಿಟಕಿಯ ಹೊರಗೆ ನೋಡುತ್ತ ಸಿಳ್ಳೆ ಹಾಕುತ್ತಿದ್ದರು.

ಬಾಗಡೋಗ್ರಾದಲ್ಲಿ ಅವರು ಸರದಿಯಲ್ಲಿ ಎಲ್ಲರನ್ನೂ ತಳ್ಳಿಕೊಂಡು ಮುಂದೆ ಹೋದರು. ಈ ಸಲ ಕೊನೆಯವನಾಗಿ ಹತ್ತುವ ನನ್ನ ನಿಯಮವನ್ನು ಮುರಿದು ನಾನೂ ಬೆನ್ನ ಹಿಂದೆಯೇ ಹೋದೆ, ಆ ದೃಶ್ಯ ತಪ್ಪಿಸಿಕೊಳ್ಳಲು ಮನಸ್ಸಿರಲಿಲ್ಲ. ಹನ್ನೊಂದನೇ ಸಾಲಿನ ಮುಂದೆ ನಿಂತು ಅವರು ಹೆಗಲಿನ ಟವೆಲ್ ತೆಗೆದು, ಎರಡು ಸೀಟುಗಳ ಮೇಲಿಂದ ಗುರಿಯಿಟ್ಟು ಎಫ್ ಸೀಟಿಗೆ ಒಗೆದರು. ಗೋಡೆಯ ಕಡೆ ನೋಡಲೇ ಇಲ್ಲ. ಬಸ್ಸಿನಲ್ಲಿ ಟವೆಲ್ ಒಗೆಯುವವನು ಕಿಟಕಿಯ ಮೂಲಕವೇ ಒಗೆಯುತ್ತಾನಲ್ಲ, ಕಿಟಕಿ ಇದೆಯೇ ಎಂದು ನೋಡುವ ರೂಢಿ ಅವನಿಗಿರುವುದಿಲ್ಲ. ಚೀಲವನ್ನು ಮೇಲಿಟ್ಟು, ಒಳಗೆ ಸರಿದು, ಕೂತು, ಬೆಲ್ಟು ಬಿಗಿದುಕೊಂಡು, ಗೆದ್ದ ಮುಖದಿಂದ ಬಲಕ್ಕೆ ತಿರುಗಿದರು.

ಆ ಮುಖ ನನಗೆ ಇನ್ನೂ ನೆನಪಿದೆ. ಅವರು ಗೋಡೆಯನ್ನು ಅಂಗೈಯಿಂದ ಸವರಿದರು. ಮುಚ್ಚಳ ಎಲ್ಲಾದರೂ ಸಿಕ್ಕಿಕೊಂಡಿರಬಹುದೆಂದು ಉಗುರಿನಿಂದ ಕೆರೆದರು. ಮುಂದಿನ ಸಾಲಿನ ಕಿಟಕಿ ನೋಡಿದರು, ಹಿಂದಿನ ಸಾಲಿನದು ನೋಡಿದರು.

"ಏನ್ರಿ ಇದು! ಇಲ್ಲಿ ಖಿಡಕೀನ ಇಲ್ಲಲ್ರಿ!"

"ಹೌದ್ರಿ, ಇಲ್ಲ" ಎಂದೆ.

"ಮತ್ತ ನಿಮ್ಮ ಕಾಗದದಾಗ..."

"ನನ್ನ ಕಾಗದ ನೀವು ಯಾವಾಗ ನೋಡಿದ್ರಿ?"

 ಉತ್ತರ ಹೇಳಿದರೆ ಅವರು ಕದ್ದು ನೋಡಿದ್ದು ಬಯಲಾಗುತ್ತಿತ್ತು. ನನ್ನ ಹಿಂದಿದ್ದ ಶಿವಪ್ಪನವರು ಬೋರ್ಡಿಂಗ್ ಪಾಸನ್ನು ಎತ್ತಿ ಹಿಡಿದು ಎಲ್ಲರಿಗೂ ಕೇಳುವಂತೆ ಹೇಳಿದರು: "ಸೀಟ್ ನಂದರಿ. ಆದ್ರ ಟವೆಲ್ ಸಾಹೇಬ್ರದು. ಮೂವತ್ತ ವರ್ಷ ಬಸ್ಸಿನ್ಯಾಗ ಇದನ್ನ ನ್ಯಾಯ ಮಾಡೇನಿ. ಟವೆಲ್ ಒಗದ ಮ್ಯಾಲ ಅವರ ಕುಂಡ್ರಬೇಕು. ನಾ ಆರನೇದಕ್ಕ ಹೊಕ್ಕೇನಿ."

ಮತ್ತೆ ಗುಂಪು ಗೊಳ್ಳೆಂದಿತು. ನಗು ಈ ಸಲ ನನ್ನ ಮೇಲೆ ಬೀಳಲಿಲ್ಲ. ಪಕ್ಕದ ಎರಡು ಸೀಟುಗಳಿಗೆ ಪರಿಚಯವಿಲ್ಲದ ದಂಪತಿ ಬಂದು ಕೂತರು. ತಾತ್ಯಾಸಾಹೇಬರು ಗೋಡೆ ಮತ್ತು ಆ ದಂಪತಿಯ ನಡುವೆ ಸಿಕ್ಕಿಬಿದ್ದರು. ಇಷ್ಟು ತೃಪ್ತಿಯಿಂದ ನಾನು ಯಾವ ವಿಮಾನದಲ್ಲೂ ನನ್ನ ಸೀಟಿಗೆ ನಡೆದಿರಲಿಲ್ಲ.

22 ಎಫ್‌ನಲ್ಲಿ ಖೈರೂನ್‌ಬಿ ಹಿಂಬಾಗಿಲಿನಿಂದ ಹತ್ತಿ ಆಗಲೇ ಕೂತಿದ್ದರು. ಬಲಬದಿಯಾದ್ದರಿಂದ ಅವರು ಸೀಟಿನ ಮೇಲೆ ಒಂದು ಮಗ್ಗುಲಾಗಿ, ನನಗೆ ಬೆನ್ನು ಮಾಡಿ, ಎಡಗಣ್ಣು ಗಾಜಿಗೆ ತಾಗುವಂತೆ ಬಾಗಬೇಕಾಯಿತು. ಮೊದಲು ಚಹಾ ತೋಟ, ಆಮೇಲೆ ತೀಸ್ತಾ ನದಿಯ ಮರಳು, ಆಮೇಲೆ ಮೋಡ. ವಿಮಾನ ಮೋಡದಿಂದ ಹೊರಬಿತ್ತು.

"ಸಾಹೇಬ್ರ, ಅಲ್ಲಿ ಇನ್ನೊಂದ ಮೋಡ ಐತಿ. ಅದು ಯಾಕ ಅಲಗವಲ್ದು?"

"ಅದು ಮೋಡ ಅಲ್ರಿ ಅಕ್ಕಾರ. ಕಾಂಚನಜುಂಗಾ."

 ಅವರ ಹೆಗಲು ಕುಲುಕುತ್ತಿತ್ತು, ಅಳುತ್ತಿದ್ದಾರೆಂದುಕೊಂಡೆ. ಅವರು ನಗುತ್ತಿದ್ದರು.

"ನನ್ನ ಸುಳ್ಳಬುರುಕ ಖರೇ ಹೇಳಿದ್ನಲ್ರಿ! ನಲವತ್ತ ವರ್ಷ ಬೈಸಿಕೊಂಡ. ಒಂದ ದಿನ ಜಗಳಾ ತಗೀಲಿಲ್ಲ. ನಗತಿದ್ದ."

ಇನ್ನು ಹದಿನೈದು ನಿಮಿಷಕ್ಕೆ ಎವರೆಸ್ಟ್ ಬರುತ್ತದೆ, ಕಪ್ಪಗೆ ತ್ರಿಕೋನಾಕಾರವಾಗಿ ಕಾಣುತ್ತದೆ, ಬಂದಾಗ ಹೇಳುತ್ತೇನೆ ಎಂದು ನಾನು ಗಡಿಯಾರ ನೋಡಿಕೊಂಡೆ.

ಬೆಲ್ಟಿನ ದೀಪ ಆರಿದ ಸ್ವಲ್ಪ ಹೊತ್ತಿಗೆ ತಾತ್ಯಾಸಾಹೇಬರು ನಮ್ಮ ಸಾಲಿಗೆ ಬಂದು ನಿಂತರು. ಕೈಯಲ್ಲಿ ಮೊಬೈಲ್ ಇತ್ತು, ಟವೆಲ್ ಇರಲಿಲ್ಲ. ದನಿ ತಗ್ಗಿತ್ತು.

"ಒಂದ ಫೋಟೋ ತಗೊಂಡ ಹೊಕ್ಕೇನ್ರಿ. ಮೊಮ್ಮಗಳು ಬರಫದ ಗುಡ್ಡ ತೋರಸಂತ ಹೇಳಿ ಕಳಿಸ್ಯಾಳ. ಹೋಗುವಾಗ ನನಗ ಎಚ್ಚರ ಆಗ್ಲಿಲ್ಲ."

"ನಿಮ್ಮ ಸೀಟಿಗೆ ಹೋಗ್ರಿ" ಎಂದೆ.

ಖೈರೂನ್‌ಬಿ ಕಿಟಕಿಯಿಂದ ತಿರುಗಿದರು. "ಬರ್ಲಿ ಬಿಡ್ರಿ ಸಾಹೇಬ್ರ. ಎರಡ ಮಿನಿಟ್ ಏಳ್ರಿ, ಅವರು ಇಲ್ಲಿ ಕುಂಡ್ರಲಿ."

ನಾನು ಬೆಲ್ಟು ಬಿಚ್ಚಲಿಲ್ಲ. ಮೊಣಕಾಲನ್ನು ಮುಂದಿನ ಸೀಟಿಗೆ ಒತ್ತಿ ದಾರಿ ಮುಚ್ಚಿದೆ.

"ಅವರು ನಿಮಗೆ ಮಾಡಿದ್ದು ಮರತ್ರೇನು?"

"ಮರತಿಲ್ರಿ. ಮೂರ ದಿನ ಮನಸಿನ್ಯಾಗ ಬೈದೇನಿ. ಈಗ ನಾ ನೋಡಿದ್ನಿ, ಮನಸ ತುಂಬೇತಿ. ಆ ಕೂಸಿನ ಸಲುವಾಗಿ ಒಂದ ಫೋಟೋ. ಏಳ್ರಿ."

"ಏಳೂದಿಲ್ಲ."

"ಈ ಸೀಟ ಯಾರದ್ರಿ?"

"ನಿಮ್ದು."

"ಮತ್ತ ನಾ ಹೇಳಿದಂಗ ಯಾಕ ಆಗವಲ್ದು?"

ನಾನು ಏಳಲಿಲ್ಲ. ಅವರು ಮತ್ತೆ ಕೇಳಿದರು, ನಾನು ಇಲ್ಲವೆಂದು ತಲೆಯಾಡಿಸಿದೆ. ನಡುದಾರಿಯಲ್ಲಿ ಚಹಾದ ಗಾಡಿ ಬಂತು, ಗಗನಸಖಿ ತಾತ್ಯಾಸಾಹೇಬರನ್ನು ಹಿಂದಕ್ಕೆ ಕಳಿಸಿದಳು. ಅವರು ಎದುರಾಡದೆ ಹೋದರು. ನನಗೆ ಆಗಲೂ ಸಂತೋಷವೇ ಆಯಿತು. ಆಮೇಲೆ ಗಡಿಯಾರ ನೋಡಿದೆ. ಹೇಳಬೇಕಾದ ಸಮಯ ದಾಟಿ ಐದು ನಿಮಿಷವಾಗಿತ್ತು. ಖೈರೂನ್‌ಬಿಯ ಹೆಗಲ ಮೇಲಿಂದ ಬಾಗಿ ನೋಡಿದೆ. ಉತ್ತರದಲ್ಲಿ ಮೋಡ ಎದ್ದು ಎತ್ತರದ ಸಾಲೆಲ್ಲ ಮುಚ್ಚಿತ್ತು. ನನ್ನ ಜೊತೆ ವಾದಿಸುವಾಗ ಅವರ ಒಂದೇ ಕಣ್ಣು ನನ್ನ ಕಡೆ ಇತ್ತು. ಎವರೆಸ್ಟ್ ಅವರ ಬೆನ್ನ ಹಿಂದೆ ಹಾದುಹೋಗಿತ್ತು.

"ಅದು ಬಂತೇನ್ರಿ, ದೊಡ್ಡದು?" ಎಂದು ಕೇಳಿದರು.

"ಹೋತ್ರಿ" ಎಂದೆ.

 ಅವರು ಸಿಟ್ಟಿಲ್ಲದೆ, ಲೆಕ್ಕ ಒಪ್ಪಿಸುವವರ ಹಾಗೆ ಹೇಳಿದರು: "ಹೋಗುವಾಗ ಅವರು ನಿದ್ದಿಗಣ್ಣಾಗ ಕೆಡಿಸಿದ್ರು. ಬರುವಾಗ ನೀವು ಎಚ್ಚರ ಇದ್ದ ಕೆಡಿಸಿದ್ರಿ."

ನಿಪ್ಪಾಣಿಯಲ್ಲಿ ಬಸ್ಸಿಳಿಯುವಾಗ ಅವರು ನನಗೆ ಕೈ ಮುಗಿದರು. ಗಂಡನ ಮಾತು ನಿಜವೆಂದು ತೋರಿಸಿದ್ದಕ್ಕೆ ಉಪಕಾರವಾಯಿತು ಎಂದರು.  ಉಳಿದಿದ್ದ ಆ ಒಂದು ಕಣ್ಣೂ ಮುಂದಿನ ವರ್ಷ ಪೂರ್ತಿ ಹೋಯಿತೆಂದು ಅವರ ಮಗಳಿಂದ ತಿಳಿಯಿತು.

ಈಗ ಕಚೇರಿಯನ್ನು ಸೊಸೆ ನಡೆಸುತ್ತಾಳೆ. ತಾತ್ಯಾಸಾಹೇಬರು ಎರಡು ಸಲ ಫೋನ್ ಮಾಡಿ ಮುಂದಿನ ಪ್ರವಾಸ ಯಾವಾಗ ಎಂದು ಕೇಳಿದರು. ಜಾಗ ತುಂಬಿದೆ ಎಂದು ಹೇಳಿಸಿದೆ. ಮೂರನೆಯ ಸಲ ಮಾಡಿದರೂ ತುಂಬಿಯೇ ಇರುತ್ತದೆ. 11 ಎಫ್ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ. ಅಂಥ ಅವಕಾಶ ಇನ್ನೊಮ್ಮೆ ಬಂದರೆ ಕೆಂಪು ಸುತ್ತನ್ನು ಇನ್ನೂ ದಪ್ಪಗೆ ಹಾಕುತ್ತೇನೆ. ನಾನು ಮಾಡಿದ ತಪ್ಪು 22 ಇಯಲ್ಲಿ ಕೂತದ್ದು. ನನ್ನ ಸೇಡು ಹನ್ನೊಂದನೇ ಸಾಲಿನಲ್ಲಿ ಮುಗಿದಿತ್ತು. ಅದನ್ನು ನಾನು ಇಪ್ಪತ್ತೆರಡನೇ ಸಾಲಿಗೆ ಹೊತ್ತುಕೊಂಡು ಹೋದೆ.

ಆ ಪ್ರವಾಸದ ನಂತರ ಕೆಲಸ ಬಿಡುವವರೆಗೂ ಒಂದು ನಿಯಮ ಪಾಲಿಸಿದೆ, ಸೊಸೆಗೂ ಅದನ್ನೇ ಕಲಿಸಿದ್ದೇನೆ. ಯಾವ ಬದಿ, ಯಾವ ಸಾಲು, ಯಾವ ಹೊತ್ತು ಎಂದು ನೋಡಿ ಒಳ್ಳೆಯ ಕಿಟಕಿ ಹುಡುಕಿ ಕೊಡಬೇಕು; ಯಾರೂ ಕಸಿದುಕೊಳ್ಳದಂತೆ ಅವರನ್ನು ಅಲ್ಲಿ ಕೂರಿಸಬೇಕು. ಕೂರಿಸಿದ ಮೇಲೆ ನಾವು ವಿಮಾನದ ಕೊನೆಯ ಸಾಲಿಗೆ ಹೋಗಿಬಿಡಬೇಕು. ಕಿಟಕಿಯ ಪಕ್ಕಕ್ಕೆ ಯಾರನ್ನು ಕರೆಯಬೇಕೆಂಬುದು ಅಲ್ಲಿ ಕೂತವರಿಗೆ ಬಿಟ್ಟ ಮಾತು.